ಕಣಜದ ಗೂಡಿಗೆ ಬಂದ ಬಹುಮಾನ

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ಉಪದೇಶ ಮಾಡುವವರಿಗೆ ಸಾಮಾನ್ಯವಾಗಿ ಯಾವ ಹವ್ಯಾಸವೂ ಇರುವುದಿಲ್ಲ. ಹವ್ಯಾಸ ಇರುವವನ ಹೆಂಡತಿಯನ್ನು ಈ ವಿಷಯದಲ್ಲಿ ಯಾರೂ ಕೇಳುವುದೂ ಇಲ್ಲ. ನನಗಿದ್ದ ಹವ್ಯಾಸ ಹುಳಹುಪ್ಪಟೆಗಳ ಫೋಟೋ ತೆಗೆಯುವುದು. ಜೇಡ, ಮಿಡತೆ, ಗೊದ್ದ, ದುಂಬಿ, ಎಲೆಯ ಅಡಿಯಲ್ಲಿ ಮೊಟ್ಟೆಯಿಡುವ ಯಾವುದೋ ಹೆಸರಿಲ್ಲದ ಬಡಪಾಯಿ, ಎಲ್ಲವೂ ಆಗುತ್ತಿತ್ತು. ಮನುಷ್ಯರ ಫೋಟೋ ಮಾತ್ರ ನನಗೆ ಬರುತ್ತಿರಲಿಲ್ಲ. ಮಗಳ ಹುಟ್ಟುಹಬ್ಬಕ್ಕೆ ತೆಗೆದ ಚಿತ್ರದಲ್ಲಿ ಮಗಳು ಮಸುಕಾಗಿ, ಕೇಕಿನ ಮೇಲೆ ಕೂತ ನೊಣ ಸ್ಪಷ್ಟವಾಗಿ ಬಂದಿತ್ತು ಎಂದರೆ ನನ್ನ ಪ್ರತಿಭೆಯ ದಿಕ್ಕು ನಿಮಗೆ ತಿಳಿದೀತು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಲೋಧಿ ಕಾಲೋನಿಯಲ್ಲಿ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸು. ಅದರಲ್ಲಿ ನಾನು, ಹೆಂಡತಿ ವಿಮಲಾ, ಆರನೆಯ ಕ್ಲಾಸಿನ ಮಗಳು ರೇಖಾ. ಕಚೇರಿಯಲ್ಲಿ ನಾನು ನಿಲ್ಲೆಂದರೆ ಜವಾನ ಕೂಡ ನಿಲ್ಲುತ್ತಿರಲಿಲ್ಲ. ಜೇಡ ನಿಲ್ಲುತ್ತಿತ್ತು. ನನ್ನ ಹವ್ಯಾಸದ ಮೂಲ ಇದೇ ಇರಬೇಕೆಂದು ಈಗ ಅನಿಸುತ್ತದೆ. ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿಯಿಂದ ಹಳೆಯ ಕ್ಯಾಮೆರಾ ಕೊಂಡಿದ್ದೆ. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಲೋಹದ ಬಳೆಗಳನ್ನು ಸೇರಿಸಿದರೆ ಇರುವೆ ಆನೆಯಷ್ಟು ಕಾಣುತ್ತದೆ ಎಂಬುದನ್ನು ಅವರೇ ಹೇಳಿಕೊಟ್ಟರು. ಆಮೇಲೆ ನನಗೆ ಆನೆ ಬೇಡವಾಯಿತು.

ಕರೋಲ್ ಬಾಗಿನಲ್ಲಿ ಉಡುಪಿ ಕಡೆಯ ಶೆಣೈಯವರ ಹೋಟೆಲಿತ್ತು. ತಿಂಗಳಿಗೊಮ್ಮೆ ಸಂಸಾರಸಮೇತ ಅಲ್ಲಿಗೆ ಹೋಗುವುದು ನಮ್ಮ ಪದ್ಧತಿ. ಒಂದು ಸಲ ಮೇಜಿನ ಮೇಲೆ ಚೆಲ್ಲಿದ ಸಕ್ಕರೆಗೆ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ನಾನು ಕ್ಯಾಮೆರಾ ತೆಗೆದು ಮೇಜಿಗೆ ಗಲ್ಲ ಊರಿದೆ. ಶೆಣೈಯವರು ಗಲ್ಲಾ ಬಿಟ್ಟು ಓಡಿಬಂದರು. "ರಾಯರೇ, ನಿಮಗೆ ಇನ್ನೊಂದು ಮಸಾಲೆ ದೋಸೆ ಹಾಗೇ ಕೊಡ್ತೇನೆ. ಆ ಯಂತ್ರ ಮಾತ್ರ ಚೀಲದೊಳಗೆ ಇರ್ಲಿ. ಗಿರಾಕಿಗಳು ಏನು ತಿಳ್ಕೊಂಡಾರು?" ಎಂದು ಕೈಮುಗಿದರು. ದೆಹಲಿಯ ಕನ್ನಡಿಗರಲ್ಲಿ ನನಗೆ 'ಹುಳದ ರಾಯರು' ಎಂಬ ಹೆಸರು ಬಿದ್ದದ್ದು ಅಂದಿನಿಂದ. ವಿಮಲಾ ನಕ್ಕು, "ಬೇರೆ ಗಂಡಸರು ಇಸ್ಪೀಟಾಡುತ್ತಾರೆ, ಇವರು ಇದು" ಎಂದು ನನ್ನ ಪರವಾಗಿಯೇ ಮಾತಾಡಿದ್ದಳು.

ಪರವಾಗಿ ಮಾತಾಡಿದ್ದಷ್ಟೇ ಅಲ್ಲ, ಭಾನುವಾರ ಬೆಳಿಗ್ಗೆ ನನ್ನ ಜೊತೆ ಬರುತ್ತಲೂ ಇದ್ದಳು. ಹುಳದ ಫೋಟೋಗೆ ಬೇಕಾದದ್ದು ಬೆಳಕು. ಚಹಾದ ಪೆಟ್ಟಿಗೆಯ ಒಳಗಿರುವ ಬೆಳ್ಳಿ ಕಾಗದವನ್ನು ರಟ್ಟಿಗೆ ಅಂಟಿಸಿ ನಾನೊಂದು ಹಲಗೆ ಮಾಡಿದ್ದೆ. ಅದನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಹುಳದ ಮೇಲೆ ತಿರುಗಿಸಬೇಕು. ಹಿಡಿಯುವವಳು ವಿಮಲಾ. ಅವಳ ಕೈ ನಡುಗುತ್ತಿರಲಿಲ್ಲ. ನಾನು "ಎಡಕ್ಕೆ, ಮೇಲಕ್ಕೆ, ಅಷ್ಟಲ್ಲ" ಎಂದು ಗೊಣಗುತ್ತಿದ್ದರೆ ಅವಳು ಊರಿನ ಸುದ್ದಿ ಹೇಳುತ್ತಾ ಅರ್ಧ ಗಂಟೆ ನಿಂತಿರುತ್ತಿದ್ದಳು. ವಾರದಲ್ಲಿ ನಾವಿಬ್ಬರೇ ಇರುತ್ತಿದ್ದ ಹೊತ್ತು ಅದೊಂದೇ ಎಂಬುದು ನನಗೆ ಹೊಳೆದಿರಲಿಲ್ಲ. ಹುಳವೂ ಇರುತ್ತಿತ್ತಲ್ಲ, ನಾವು ಮೂವರು ಎಂದೇ ನನ್ನ ಲೆಕ್ಕ.

ದಸರೆ ಕಳೆದ ಮರುವಾರ. ನಮ್ಮ ಮನೆಯಿಂದ ಮೈಲಿ ದೂರದಲ್ಲಿ ಒಂದು ಹಾಳು ಗುಮ್ಮಟವಿತ್ತು. ಯಾವ ಸುಲ್ತಾನನದೋ, ಯಾವ ಸರದಾರನದೋ, ಅಲ್ಲಿನ ಚೌಕೀದಾರ ರಾಮಸ್ವರೂಪನಿಗೂ ಗೊತ್ತಿರಲಿಲ್ಲ. ಅದರ ಕಮಾನಿನ ಕೆಳಗೆ ಕಣಜಗಳು ಊಟದ ತಟ್ಟೆಯಷ್ಟು ದೊಡ್ಡ ಗೂಡು ಕಟ್ಟಿದ್ದವು. ಹಳದಿ ಮೈಯ ತಾಯಿಗಳು ಕೋಶಕ್ಕೆ ತಲೆ ಹಾಕಿ ಮರಿಗಳಿಗೆ ಉಣಿಸುವುದನ್ನು ಹಿಂದಿನ ವಾರವೇ ನೋಡಿಟ್ಟಿದ್ದೆ. ಕೆಳಗಿನಿಂದ ಬೆಳಕು ಬಿದ್ದರೆ ಆ ಕೋಶಗಳು ಒಳಗಿನಿಂದ ಹೊಳೆಯುತ್ತವೆ ಎಂಬ ಆಸೆಯಲ್ಲಿ ವಾರವಿಡೀ ಕಚೇರಿಯ ಫೈಲುಗಳಲ್ಲಿ ಕಣಜಗಳನ್ನೇ ಕಂಡಿದ್ದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ದಿನ ನಾನು ಮಂಕಿ ಕ್ಯಾಪು ಹಾಕಿದ್ದೆ. ಕುತ್ತಿಗೆಗೆ ಮಫ್ಲರು, ತುಂಬು ತೋಳಿನ ಕೋಟು, ಕೈಗೆ ಸಾಕ್ಸು. ದೆಹಲಿಯಲ್ಲಿ ಇನ್ನೂ ಫ್ಯಾನು ತಿರುಗುವ ಕಾಲ. ವಿಮಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನಗೆ?" ಎಂದು ಕೇಳಿದಳು. "ನೀನು ದೂರ ನಿಲ್ಲುತ್ತೀಯಲ್ಲ, ನಿನ್ನ ಹತ್ತಿರ ಬರುವುದಿಲ್ಲ" ಎಂದೆ. ಅವಳು ನಂಬಿದಳು. ಹುಳಗಳ ವಿಷಯದಲ್ಲಿ ನಾನು ಪಂಡಿತನಲ್ಲವೇ?

ಒಂದು ಕಲ್ಲಿನ ಮೇಲೆ ನಾನು ಹತ್ತಿ ನಿಂತೆ. ಅವಳು ಕೆಳಗೆ ಬಿಸಿಲಿನಲ್ಲಿ ಹಲಗೆ ಹಿಡಿದಳು. ಬೆಳಕು ಗೂಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು, ಒಳಕ್ಕೆ ಹೋಗುತ್ತಿರಲಿಲ್ಲ. "ಇನ್ನೂ ಹತ್ತಿರ ಬಾ. ಇನ್ನೂ ಸ್ವಲ್ಪ" ಎಂದೆ. ದೂರ ನಿಂತಿದ್ದವಳು ಹೀಗೆ ನನ್ನ ಮಾತಿನಿಂದಲೇ ಗೂಡಿನ ಕೆಳಕ್ಕೆ ಬಂದಳು. "ರೀ, ಇವು ಯಾಕೋ ರೆಕ್ಕೆ ಎತ್ತುತ್ತಿವೆ" ಎಂದಳು. "ಅಲುಗಾಡಬೇಡ" ಎಂದೆ.

ಮೊದಲನೆಯದು ಅವಳ ಮಣಿಕಟ್ಟಿಗೆ ಕಚ್ಚಿತು. ಅವಳು ಕೂಗಿದಳು, ಕೈ ಮೇಲಕ್ಕೆ ಚಿಮ್ಮಿತು, ಹಲಗೆ ವಾಲಿತು. ವಾಲಿದ ಕೂಡಲೇ ನಾನು ಗಂಟೆಯಿಂದ ಬೇಡುತ್ತಿದ್ದ ಬೆಳಕು ಗೂಡಿನ ಹೊಟ್ಟೆಯೊಳಕ್ಕೆ ಹೋಯಿತು. ಪ್ರತಿಯೊಂದು ಕೋಶವೂ ದೀಪದಂತೆ ಹೊತ್ತಿಕೊಂಡಿತು. ಒಳಗೆ ಮಡಿಸಿಕೊಂಡು ಮಲಗಿದ ಮರಿಗಳ ನೆರಳು ಕೂಡ ಕಾಣುತ್ತಿತ್ತು. ನಾನು ಗುಂಡಿ ಒತ್ತಿದೆ. ಆ ಕ್ಯಾಮೆರಾದಲ್ಲಿ ಒಂದು ಚಿತ್ರವಾದ ಮೇಲೆ ಲಿವರು ಎಳೆದು ಫಿಲ್ಮನ್ನು ಮುಂದಕ್ಕೆ ತರಬೇಕು. ತಂದೆ. ಮತ್ತೆ ಒತ್ತಿದೆ. ಮತ್ತೆ ತಂದೆ, ಮತ್ತೆ ಒತ್ತಿದೆ. ಅಷ್ಟು ಹೊತ್ತೂ ಅವಳು ಹಲಗೆ ಬಿಡದೆ ಕೂಗುತ್ತಿದ್ದಳು. ಅದು ನನಗೆ ಕೇಳಿಸಲಿಲ್ಲ ಎಂದು ಹೇಳಿಕೊಳ್ಳಲು ಬಹಳ ವರ್ಷ ಪ್ರಯತ್ನಪಟ್ಟಿದ್ದೇನೆ. ಕೇಳಿಸಿತ್ತು.

"ಬಾಬೂಜಿ, ಬೀಬೀಜಿ ಕೋ ದೇಖೋ!" ಹೆಂಡತಿಯನ್ನು ನೋಡಿ ಎಂದು ಅರಚುತ್ತಾ ರಾಮಸ್ವರೂಪ ಓಡಿಬಂದ. ತನ್ನ ಮಂಚದ ಮೇಲಿನ ದಪ್ಪ ಚಾದರವನ್ನು ಅವಳ ಮೇಲೆ ಹೊದಿಸಿ ಎಳೆದುಕೊಂಡು ಹೋದವನು ಅವನು. ಅವನ ಬರಿ ತೋಳಿಗೂ ನಾಲ್ಕೈದು ಕಚ್ಚಿದವು. ನಾನು ಕಲ್ಲಿನಿಂದ ಇಳಿದೆ. ಇಳಿಯುವಾಗ ಲೆನ್ಸಿಗೆ ಮುಚ್ಚಳ ಹಾಕಿದ್ದೂ ನೆನಪಿದೆ.

ಐದು ನಿಮಿಷದಲ್ಲಿ ಅವಳ ಮುಖ ಗುರುತು ಸಿಗದ ಹಾಗೆ ಊದಿತು. ತುಟಿ ನೀಲಿಯಾಯಿತು. ಉಸಿರೆಳೆದರೆ ಶಿಳ್ಳೆಯಂತಹ ಸದ್ದು. ರಾಮಸ್ವರೂಪ ರಸ್ತೆಗೆ ಅಡ್ಡ ನಿಂತು ಒಂದು ಟ್ಯಾಕ್ಸಿ ನಿಲ್ಲಿಸಿದ. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಪಂಜಾಬಿ ಡಾಕ್ಟರಮ್ಮ ಸೂಜಿ ಚುಚ್ಚುತ್ತಲೇ ಕೇಳಿದಳು: "ಮೊದಲ ಕಣಜ ಕಚ್ಚಿ ಎಷ್ಟು ಹೊತ್ತಾಯಿತು? ನೀವು ತಕ್ಷಣ ಹೊರಟಿರಾ?" ನಾನು "ತಕ್ಷಣ" ಎಂದೆ. ಆಕೆ ನನ್ನ ಮಂಕಿ ಕ್ಯಾಪು ನೋಡಿದಳು. ನಾನು ಅದನ್ನು ತೆಗೆದು ಜೇಬಿಗೆ ತುರುಕಿಕೊಂಡೆ.

ಆ ದಿನ ಸಂಜೆಯವರೆಗೂ ಏನೂ ಹೇಳಲಾಗದು ಎಂದರು. ರೇಖಾಳನ್ನು ಪಕ್ಕದ ಮನೆಯ ಮಿಸೆಸ್ ಖನ್ನಾ ಕರೆತಂದರು. "ಅಪ್ಪ, ಅಮ್ಮ ಠೀಕ್ ಹೋ ಜಾಯೇಗೀ ನಾ?" ಅಮ್ಮ ಹುಷಾರಾಗುತ್ತಾಳಲ್ಲವೇ ಎಂದು ಕೇಳಿ ನನ್ನ ಕೈ ಹಿಡಿದು ಕೂತಳು. ಆ ಕೈಯಲ್ಲಿ ಒಂದೂ ಕಚ್ಚಿದ ಗುರುತಿರಲಿಲ್ಲ. ನಾನು ಆ ಬೆಂಚಿನ ಮೇಲೆ ಕೂತು ದೇವರಿಗೆ ಹರಕೆ ಹೊತ್ತೆ; ಕ್ಯಾಮೆರಾ ಮಾರಿಬಿಡುತ್ತೇನೆ ಎಂದೆ. ದೇವರು ಅವಳನ್ನು ಉಳಿಸಿಕೊಟ್ಟ. ನಾಲ್ಕನೆಯ ದಿನ ಮನೆಗೆ ಬಂದಳು. ನಾನು ಕ್ಯಾಮೆರಾ ಮಾರಲಿಲ್ಲ. ಒಳಗೆ ಫಿಲ್ಮಿತ್ತು, ಅದನ್ನು ಮೊದಲು ತೊಳೆಸಬೇಕಲ್ಲ ಎಂಬುದು ನನ್ನ ವಾದ.

ಇಷ್ಟರಲ್ಲಿ ನಾನು ಕಾಲೋನಿಯಲ್ಲಿ ವೀರನಾಗಿದ್ದೆ. ಭಾಯಿಸಾಹೇಬರು ಹೆಂಡತಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಓಡಿದರಂತೆ ಎಂದು ಮಿಸೆಸ್ ಖನ್ನಾ ಎಲ್ಲರಿಗೂ ಹೇಳುತ್ತಿದ್ದರು. ನಾನು ಅಲ್ಲಗಳೆಯಲಿಲ್ಲ. ವಿಮಲಾ ಮಂಚದ ಮೇಲೆ ಒಂದು ಕಣ್ಣು ಇನ್ನೂ ಮುಚ್ಚಿಕೊಂಡೇ ಮಲಗಿದ್ದಳು, ಅವಳೂ ಅಲ್ಲಗಳೆಯಲಿಲ್ಲ.

ಫಿಲ್ಮು ತೊಳೆದು ಬಂತು. ಮೂರರಲ್ಲಿ ಎರಡನೆಯದು ಅದ್ಭುತವಾಗಿತ್ತು. ಅಂಥದ್ದು ನನಗೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಬೀರುವಿನಲ್ಲಿ ಬಟ್ಟೆಯ ಕೆಳಗೆ ಬಚ್ಚಿಟ್ಟೆ. ಮೂರು ವಾರ ಬಚ್ಚಿಟ್ಟು, ಒಂದು ಸ್ಪರ್ಧೆಗೆ ಮನೆಯಲ್ಲಿ ಹೇಳದೆ ಕಳಿಸಿದೆ. ಎರಡನೆಯ ಬಹುಮಾನ ಬಂದಿದೆ ಎಂಬ ಕಾಗದವನ್ನು ರೇಖಾಳೇ ಒಡೆದು, ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ವಿಮಲಾ ರೊಟ್ಟಿ ತಿರುವಿ ಹಾಕಿ, "ಯಾವತ್ತು ಪ್ರದರ್ಶನ? ನಾನೂ ಬರುತ್ತೇನೆ" ಎಂದಳು.

ಹೋದೆವು. ಗೋಡೆಯ ಮೇಲೆ ಕಣಜದ ಗೂಡು ಎರಡು ಅಡಿ ಅಗಲಕ್ಕೆ ದೊಡ್ಡದಾಗಿ ತೂಗುತ್ತಿತ್ತು. ತೀರ್ಪುಗಾರರಲ್ಲಿ ಒಬ್ಬರು, ಬಿಳಿ ಗಡ್ಡದವರು, ನನ್ನ ಬೆನ್ನು ತಟ್ಟಿದರು. "ಬೆಳಕು! ಈ ಬೆಳಕು ಹೇಗೆ ಸಿಕ್ಕಿತು ನಿಮಗೆ?" ಎಂದರು. ವಿಮಲಾ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು "ತಾಳ್ಮೆ, ಸಾರ್" ಎಂದೆ.

ಅವರು ಮುಂದಕ್ಕೆ ಹೋದರು. ವಿಮಲಾ ಚಿತ್ರದ ಎದುರು ಬಹಳ ಹೊತ್ತು ನಿಂತಳು. ಅದನ್ನು ಹಾಗೆ ನೋಡಿದವರು ಆ ಸಭಾಂಗಣದಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ಮೂರು ಸಲ ಕ್ಲಿಕ್ ಅಂದಿತಲ್ಲ, ಇದು ಎಷ್ಟನೆಯದು?"

"ಎರಡನೆಯದು" ಎಂದೆ.

"ಚೆನ್ನಾಗಿ ಬಂದಿದೆ" ಎಂದಳು.

ಮನೆಗೆ ಬರುವ ಬಸ್ಸಿನಲ್ಲಿ ನಾನು ಬಾಯಿಬಿಟ್ಟೆ. ತಪ್ಪಾಯಿತು, ಆ ಕ್ಷಣದಲ್ಲಿ ನನಗೆ ಏನಾಯಿತೋ ಗೊತ್ತಿಲ್ಲ, ಕ್ಯಾಮೆರಾ ಕೆಳಗಿಟ್ಟು ಓಡಿಬರಬೇಕಿತ್ತು ಎಂದೆಲ್ಲ ತೊದಲಿದೆ. ಅವಳು ಕಿಟಕಿಯಾಚೆ ನೋಡುತ್ತಾ, "ಹೋಗಲಿ ಬಿಡಿ. ನೀವು ಬಂದಿದ್ದರೂ ಏನು ಮಾಡುತ್ತಿದ್ದಿರಿ? ಚಾದರ ಇದ್ದದ್ದು ರಾಮಸ್ವರೂಪನ ಹತ್ತಿರ" ಎಂದಳು. ಕಚೇರಿಯಲ್ಲಿ ಪ್ರತಿ ವರ್ಷ ನನ್ನ ಬಗ್ಗೆ ಮೇಲಿನವರು ಗುಪ್ತ ವರದಿ ಬರೆಯುತ್ತಿದ್ದರು. ಅವುಗಳಲ್ಲಿ ಯಾವುದೂ ನನ್ನನ್ನು ಇಷ್ಟು ಸರಿಯಾಗಿ ತೂಗಿರಲಿಲ್ಲ.

ಅವಳು ಮತ್ತೆ ನನ್ನ ಜೊತೆ ಬರಲಿಲ್ಲ. ಜಗಳವಾಡಿ ಬಿಟ್ಟದ್ದಲ್ಲ, ಭಾನುವಾರ ಬೆಳಿಗ್ಗೆ ಮಿಸೆಸ್ ಖನ್ನಾರ ಹತ್ತಿರ ಸ್ವೆಟರ್ ಹೆಣೆಯುವುದು ಕಲಿಯತೊಡಗಿದಳು, ಅಷ್ಟೇ. ಚಳಿ ಕಳೆದ ಮೇಲೆ ಒಂದು ದಿನ ನಾನೊಬ್ಬನೇ ಹೊರಟೆ. ಉಪ್ಪಿಟ್ಟು ಕಟ್ಟಿಕೊಟ್ಟಳು. ಒಂದು ಬೇಲಿಯ ಮೇಲೆ ಹಸಿರು ಸೂರ್ಯನ ಕುದುರೆ ಮುಂಗಾಲು ಜೋಡಿಸಿ ಕೂತಿತ್ತು. ಎಡಗೈಯಲ್ಲಿ ಹಲಗೆ ಹಿಡಿದರೆ ಬಲಗೈಯಲ್ಲಿ ಕ್ಯಾಮೆರಾ ನಿಲ್ಲದು. ಹಲಗೆಯನ್ನು ಕೊಂಬೆಗೆ ಒರಗಿಸಿದೆ, ಬಿತ್ತು. ಕಲ್ಲಿಗೆ ಒರಗಿಸಿದೆ, ಬೆಳಕು ಎಲ್ಲೋ ಹೋಯಿತು. ಹುಳ ಅರ್ಧ ಗಂಟೆ ನನಗಾಗಿ ಕಾದು ಕುಳಿತಿತ್ತು, ಪಾಪ. ಕೊನೆಗೆ ನಾನೇ ಕಣ್ಣು ಒರೆಸಿಕೊಂಡು, ಒಂದೂ ಚಿತ್ರ ತೆಗೆಯದೆ ಮನೆಗೆ ಬಂದೆ.

"ಇಷ್ಟು ಬೇಗ?" ಎಂದಳು ವಿಮಲಾ.

"ಒಂದು ಹುಳವೂ ಸಿಗಲಿಲ್ಲ" ಎಂದೆ.

ಅವಳು ಹೆಣಿಗೆಯಿಂದ ತಲೆಯೆತ್ತಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಅಚ್ಛಾ" ಎಂದಳು. ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತು ಆಡದವಳು ಅವಳು. ದೆಹಲಿಯವರ ಬಾಯಲ್ಲಿ ಆ ಒಂದು ಶಬ್ದಕ್ಕೆ, 'ಸರಿ' ಎಂಬುದರಿಂದ ಹಿಡಿದು 'ನಂಬಿದೆ ಬಿಡಿ' ಎಂಬುದರವರೆಗೆ, ಎಷ್ಟು ಅರ್ಥಗಳಿವೆ ಎಂಬುದು ಅಷ್ಟು ವರ್ಷ ಅಲ್ಲಿದ್ದ ನನಗೆ ಚೆನ್ನಾಗಿ ಗೊತ್ತು. ಒಂದೊಂದನ್ನೇ ತಿರುಗಿಸಿ ನೋಡಿದೆ. ಯಾವುದೂ ನನಗೆ ಅನುಕೂಲವಾಗಿರಲಿಲ್ಲ.