ನದಿಗೆ ಮಜ್ಜಿಗೆ ಹೊಯ್ದ ಕುಲಿಪಾ

ಸಾರಿಶಾಕ್ ನದಿಯು ಉತ್ತರದ ಬೋಳುಗುಡ್ಡಗಳಲ್ಲಿ ಹುಟ್ಟಿ, ಕಜಕರ ಹುಲ್ಲುಬಯಲನ್ನು ದಾಟಿ, ಬೊಸ್‌ಶೋಕಿ ಹಳ್ಳಿಯ ಪೂರ್ವಕ್ಕೆ ಹರಿದು, ಯಾವ ಸಮುದ್ರವನ್ನೂ ಸೇರದೆ ಉಪ್ಪಿನ ಕೆರೆಯೊಂದರಲ್ಲಿ ಇಂಗಿಹೋಗತಕ್ಕದ್ದು ಎಂದು ಜಿಲ್ಲಾ ಜಲಮಾರ್ಗ ಕಚೇರಿಯ ನಕ್ಷೆಯಲ್ಲಿ ನಮೂದಾಗಿದೆ. ನಕ್ಷೆಗೆ ಮೊಹರು ಬಿದ್ದಿದೆ. ಆದ್ದರಿಂದ ಈ ವಿಷಯದಲ್ಲಿ ನದಿಯ ಅಭಿಪ್ರಾಯ ಕೇಳುವ ಪ್ರಮೇಯವೇ ಬಂದಿರಲಿಲ್ಲ.

ಬೇಸಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಹೊಂಡವಾಗಿ ಬಿದ್ದಿರುವ ಈ ನದಿಗೆ ವಸಂತದಲ್ಲಿ ಹಿಮ ಕರಗಿದಾಗ ಮಾತ್ರ ಮೈಮೇಲೆ ಬಂದಂತಾಗುತ್ತದೆ. ಈ ಸಲ ಹಳೇ ಹಾದಿಯ ಬಾಯಿಗೆ ಹೂಳು ಕಟ್ಟಿಕೊಂಡಿತ್ತು. ನದಿ ಪಶ್ಚಿಮಕ್ಕೆ ತಿರುಗಿ ನೆಟ್ಟಗೆ ಕುಲಿಪಾಳ ಅಂಗಳಕ್ಕೆ ನುಗ್ಗಿತು.

ಅವಳೂ ಅವಳ ಗಂಡನೂ ಹಸಿ ಇಟ್ಟಿಗೆ ಬಿಸಿಲಲ್ಲಿ ಒಣಗಿಸಿ ಕಟ್ಟಿದ ಮನೆ ಅದು. ಗಂಡ ಹೋದ ಮೇಲೆ ಉಳಿದದ್ದು ಆ ಮನೆ ಮತ್ತು ಒಂದಿಷ್ಟು ಕುರಿ. ನೀರು ಹೊಸ್ತಿಲಿಗೆ ಬಂದಾಗ ಅವಳು ಬಯಲಿನ ಹೆಂಗಸು ಮಾಡಬೇಕಾದದ್ದನ್ನೇ ಮಾಡಿದಳು. ಅಲ್ಲಿ ಮನೆಯೊಳಗೆ ಹಾವು ಬಂದರೆ ಹೊಡೆಯುವುದಿಲ್ಲ. ತಲೆಯ ಮೇಲೆ ಹಾಲೋ ಮಜ್ಜಿಗೆಯೋ ಹೊಯ್ದು, ಹೋಗಪ್ಪಾ ಎಂದು ದಾರಿ ತೋರಿಸುತ್ತಾರೆ. ಬಳುಕುತ್ತಾ ಬಂದದ್ದಕ್ಕೆಲ್ಲ ಇದೇ ಮದ್ದೆಂದುಕೊಂಡು ಕುಲಿಪಾ ಒಂದು ಬಟ್ಟಲು ಮಜ್ಜಿಗೆಯನ್ನು ನೀರಿನ ಮೇಲೆ ಹೊಯ್ದಳು. ನದಿ ಮಜ್ಜಿಗೆ ಕುಡಿಯಿತು, ಹೋಗಲಿಲ್ಲ.

ಬೆಳಗಾಗುತ್ತಲೇ ಅವಳು ಜಲಮಾರ್ಗ ಕಚೇರಿಗೆ ಓಡಿದಳು. ಅಧಿಕಾರಿ ಮೆರ್ಗಾಲಿ ಒಳ್ಳೆಯ ಮನುಷ್ಯ. ಯಾರೇ ಬಂದರೂ ಕೂರಿಸಿ, ಚಹಾ ಕುಡಿಸಿ, ಆಮೇಲೆಯೇ ಆಗುವುದಿಲ್ಲ ಅನ್ನುತ್ತಿದ್ದ. ಕಚೇರಿಯ ಮಣ್ಣೆತ್ತುವ ಯಂತ್ರವನ್ನು ಒಂದು ಹೊತ್ತು ಕಳಿಸಿದರೆ ಹೂಳು ತೆಗೆಯಬಹುದು, ನೀರು ತನ್ನ ಹಾದಿ ಹಿಡಿಯುತ್ತದೆ, ಮನೆ ಉಳಿಯುತ್ತದೆ ಎಂದು ಕುಲಿಪಾ ಕೈಮುಗಿದಳು. ಮೆರ್ಗಾಲಿ ನಕ್ಷೆ ಹರಡಿದ. ಯಂತ್ರವನ್ನು ನದಿಯ ಕೆಲಸಕ್ಕೆ ಮಾತ್ರ ಬಳಸತಕ್ಕದ್ದು, ನದಿ ಇರುವುದು ಪೂರ್ವಕ್ಕೆ ಎಂದ.

"ನದಿ ಪೂರ್ವಕ್ಕಿದ್ರೆ ನನ್ನ ಅಂಗಳದಲ್ಲಿ ಬಂದು ಕೂತಿರೋದು ಯಾರಪ್ಪಾ?"

"ಅದನ್ನ ನೀವೇ ಹೇಳ್ಬೇಕು ಆಪಾ," ಎಂದು ಮೆರ್ಗಾಲಿ ಹಿರಿಯಕ್ಕನನ್ನು ಕರೆಯುವಂತೆ ಕರೆದ. "ಬಂದಾಗ ಏನ್ ಮಾಡಿದ್ರಿ?"

"ಮಜ್ಜಿಗೆ ಹೊಯ್ದೆ."

ಮೆರ್ಗಾಲಿ ಚಹಾ ಬಟ್ಟಲು ಕೆಳಗಿಟ್ಟ. "ಮನೆಗೆ ಬಂದೋರಿಗೆ ಮಜ್ಜಿಗೆ ಕೊಟ್ಟಿದೀರಿ. ಹಾಗಾದ್ರೆ ಅದು ಅತಿಥಿ."

"ಹೋಗು ಅಂತ ಹೊಯ್ದದ್ದು ಕಣಪ್ಪಾ, ಕೂತ್ಕೋ ಅಂತ ಅಲ್ಲ."

"ನಿಮ್ಮ ಮನಸ್ಸಲ್ಲಿ ಏನಿತ್ತೋ ದೇವರಿಗೇ ಗೊತ್ತು. ಅದು ಕುಡೀತು ತಾನೇ?"

ಕುಡಿದದ್ದು ನಿಜ. ಕುಲಿಪಾಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಮಾರನೆಯ ದಿನ ಹಳ್ಳಿಯ ಅಂಗಡಿ ಬಾಗಿಲಲ್ಲಿ ಪ್ರಕಟಣೆ ಅಂಟಿಸಲಾಯಿತು:

"ಶ್ರೀಮತಿ ಕುಲಿಪಾ ಅವರ ಮನೆಗೆ ಆಗಮಿಸಿರುವ ನೀರು ಸದರಿಯವರಿಂದ ಪಾನೀಯ ಸ್ವೀಕರಿಸಿರುವುದರಿಂದ ಅದನ್ನು ಅತಿಥಿಯೆಂದು ಪರಿಗಣಿಸಲಾಗಿದೆ. ಅತಿಥಿಯನ್ನು ಹೊರದಬ್ಬುವುದು, ಅದರಲ್ಲೂ ಸರ್ಕಾರಿ ಯಂತ್ರದಿಂದ ಹೊರದಬ್ಬುವುದು, ಪೂರ್ವಜರಿಗೆ ಮಾಡುವ ಅವಮಾನ. ಅತಿಥಿಯ ಊಟೋಪಚಾರ ಮನೆಯವರ ಹೊಣೆ. ಅತಿಥಿಗೆ ಬಾಯಿ ಇಲ್ಲವಾದ್ದರಿಂದ, ಅದರ ಪರವಾಗಿ ಉಣ್ಣಲು ಸಮಿತಿಯೊಂದನ್ನು ರಚಿಸಲಾಗಿದೆ."

ಸಮಿತಿಯೆಂದರೆ ಮೆರ್ಗಾಲಿ, ಅವನ ಭಾವಮೈದುನ ಮತ್ತು ಭಾವಮೈದುನನ ಲಾರಿ ಚಾಲಕ. ವಾರವಾರವೂ ಬಂದು, ಒಂದು ಕುರಿ ಕೊಯ್ಯಿಸಿ, ಬಹಳ ಜವಾಬ್ದಾರಿಯಿಂದ ತಿಂದರು. ತಮಗೆ ಹಸಿವಿಲ್ಲ, ನದಿಯ ಸಲುವಾಗಿ ತಿನ್ನುತ್ತಿದ್ದೇವೆ ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಮೂಳೆಗಳನ್ನು ಅತಿಥಿಗೇ ಬಿಡುತ್ತಿದ್ದರು.

ಪಕ್ಕದ ಮನೆಯ ರಿಮ್‌ಕುಲ್‌ಗೆ ಇದನ್ನೆಲ್ಲ ನೋಡಿ ಹೊಟ್ಟೆ ಉರಿಯಿತು. "ಅಲ್ಲ ಕಣೇ, ಹಾವಿಗೆ ಹೊಯ್ಯೋದನ್ನ ನದಿಗೆ ಹೊಯ್ತಾರೇನೇ? ಹೊಯ್ದೆ ಅಂತಾನೇ ಇಟ್ಕೋ, ಅದನ್ನ ಕಚೇರೀಲಿ ಹೋಗಿ ಹೇಳ್ತಾರಾ?" ಎಂದು ಬೈದಳು. ಬೈದು ಮುಗಿಸಿ, ಸಮಿತಿಗೆ ಉಪ್ಪು ಸಾಲದೆ ಬಂದಾಗ ಉಪ್ಪನ್ನೂ ಅವಳೇ ತಂದುಕೊಟ್ಟಳು. ಅತಿಥಿಯೆಂದ ಮೇಲೆ ಊರಿನ ಮರ್ಯಾದೆಯ ಪ್ರಶ್ನೆ ನೋಡಿ.

ಯಂತ್ರವೂ ಸುಮ್ಮನೆ ಕೂತಿರಲಿಲ್ಲ. ಪೂರ್ವದ ಒಣ ಹಾದಿಯಲ್ಲಿ, ಅಂದರೆ ಅಧಿಕೃತ ನದಿಯಲ್ಲಿ, ಹಗಲೆಲ್ಲ ಮರಳು ಬಗೆಯಿತು. ಬಗೆದದ್ದನ್ನು ಭಾವಮೈದುನನ ಲಾರಿ ಪಟ್ಟಣಕ್ಕೆ ಸಾಗಿಸಿತು. ಹೂಳಿನ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ, ಅದರಲ್ಲಿ ಮಾರುವಂಥ ಮರಳಿರಲಿಲ್ಲ. ನದಿ ಸಂಪೂರ್ಣ ಸ್ವಚ್ಛವಾಗಿದೆ, ಅದರಲ್ಲಿ ನೀರು ಕೂಡ ಉಳಿದಿಲ್ಲ ಎಂದು ಮೆರ್ಗಾಲಿ ಮೇಲಿನವರಿಗೆ ವರದಿ ಕಳಿಸಿದ. ಮೆಚ್ಚುಗೆಯ ಪತ್ರ ಬಂತು.

ಅಷ್ಟರಲ್ಲಿ ಕುಲಿಪಾಳ ಮನೆಯ ಹಿಂಗೋಡೆ ಕುಸಿಯಿತು. ಬಾಗಿಲಿಗೆ ಎದುರಾದ ಆ ಗೋಡೆಯ ಬುಡದಲ್ಲೇ ಹಿರಿಯರನ್ನೂ ದೊಡ್ಡವರನ್ನೂ ಕೂರಿಸುವುದು. ನೀರು ಹೋಗಿ ಅಲ್ಲೇ ನಿಂತಿತು. ಕುಲಿಪಾ ಕೆಸರಲ್ಲಿ ಕುಕ್ಕರಿಸಿ, ಗಂಡನ ಹೆಸರು ಹಿಡಿದು ಕೂಗಿ ಅತ್ತಳು. ಸಮಿತಿ ಸ್ಥಳ ಪರಿಶೀಲಿಸಿ, ಅತಿಥಿಯು ಕೊನೆಗೂ ಗೌರವದ ಆಸನ ಅಲಂಕರಿಸಿದೆ ಎಂದು ದಾಖಲಿಸಿತು.

ಅವಳು ರಿಮ್‌ಕುಲ್ ಮನೆ ಸೇರಿದಳು. ಕಚೇರಿ ಇದನ್ನೂ ಗಮನಿಸಿತು. ಬಿಟ್ಟು ಹೋದವರು ಮನೆಯವರಾಗಲಾರರು, ಇದ್ದವರೇ ಮನೆಯವರು ಎಂದು ತಿದ್ದುಪಡಿ ಹೊರಟಿತು. ಮನೆ ನದಿಯ ಹೆಸರಿಗಾಯಿತು.

ಮೊದಲ ಹಿಮ ಬೀಳುವ ಹೊತ್ತಿಗೆ ಕುಲಿಪಾ ತನ್ನ ಕಡಾಯಿ ತೆಗೆದುಕೊಂಡು ಹೋಗೋಣವೆಂದು ಬಂದಳು. ಉಳಿದ ಅರ್ಧ ಕೋಣೆಯಲ್ಲಿ ಸಮಿತಿ ಅವಳ ಕೊನೆಯ ಕುರಿ ತಿನ್ನುತ್ತಿತ್ತು. ಮೆರ್ಗಾಲಿ ತಟ್ಟನೆ ಎದ್ದು ನಿಂತ.

"ಬನ್ನಿ ಆಪಾ, ಬನ್ನಿ. ಮನೆಗೆ ಅತಿಥಿ ಬಂದಿದಾರೆ, ಜಾಗ ಬಿಡ್ರೋ."

ಅವಳನ್ನು ಕೂರಿಸಿದರು. ತಟ್ಟೆಗೆ ಮಾಂಸ ಬಡಿಸಿದರು. ಊಟವಾದ ಮೇಲೆ ಅತಿಥಿಯಾದವರು ಮನೆಗೆ ಹರಸಿ ಹೋಗುವುದು ಅಲ್ಲಿನ ಪದ್ಧತಿ; ಎಲ್ಲರೂ ಅಂಗೈ ಮೇಲೆತ್ತಿ ಕಾದರು. ಕುಲಿಪಾ ಒಲೆಯನ್ನು ನೋಡಿದಳು, ಗೋಡೆಯಿದ್ದ ಜಾಗದಲ್ಲಿ ನಿಂತಿದ್ದ ನೀರನ್ನು ನೋಡಿದಳು. ಆಮೇಲೆ ಅಂಗೈ ಎತ್ತಿದಳು.

"ಈ ಮನೆಯವರು ನೂರ್ಕಾಲ ಇಲ್ಲೇ ಬಾಳಲಿ."

ಹಾರೈಕೆ ಮುಗಿದಾಗ ಮಾಡುವಂತೆ ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಕುಲಿಪಾ ಕಡಾಯಿಯನ್ನು ಮುಟ್ಟದೆ ಎದ್ದು ಹೊರಟಳು. ಉಂಡ ಮನೆಯಿಂದ ಅವರ ಪಾತ್ರೆ ಹೊತ್ತುಕೊಂಡು ಹೋದರೆ ಚೆನ್ನಾಗಿರುವುದಿಲ್ಲವೆಂದು ಅವಳಿಗೂ ಅನ್ನಿಸಿತ್ತು.