ನಾದಸ್ವರ ನುಡಿಸಿದ ವೆಬ್‌ಸೈಟ್

ನಾನು ನಿಂತಿದ್ದದ್ದು ತಮಿಳುನಾಡಿನ ತೇನಿ ಕಡೆಯ ಮಾರ್ಕಯನ್‌ಕೋಟ್ಟೈಯ ನಮ್ಮ ದ್ರಾಕ್ಷಿ ತೋಟದ ಗೇಟಿನ ಒಳಗೆ, ಬಲಗಡೆಯ ಕಲ್ಲುಕಂಬಕ್ಕೆ ಎಡಗೈ ಆನಿಸಿಕೊಂಡು. ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಬಲಗೈಯಲ್ಲಿ ಫೋನಿತ್ತು. ಅದರಲ್ಲಿ ಚಾರ್ಜ್ ಇತ್ತು, ಸಿಗ್ನಲ್ಲೂ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡೆದದ್ದರಲ್ಲಿ ಫೋನಿನ ತಪ್ಪೇನೂ ಇಲ್ಲ.

ಪಡುವಣ ಬೆಟ್ಟದ ಮೇಲೆ ಮೋಡ ಕೂತಿತ್ತು. ಹಣ್ಣಾದ ದ್ರಾಕ್ಷಿಯ ಮೇಲೆ ಮಳೆ ಬಿದ್ದರೆ ಹಣ್ಣು ಸೀಳುತ್ತದೆ. ಸೀಳಿದ ಹಣ್ಣನ್ನು ಜೇನ್ನೊಣ ಬಿಟ್ಟರೆ ಯಾರೂ ಕೇಳುವುದಿಲ್ಲ. ಆ ಒಂದು ಎಕರೆ ಚಪ್ಪರವನ್ನು ಬೆಳೆಸಿದವಳು ನನ್ನ ಹೆಂಡತಿ ನಾಗಮ್ಮಾಳ್. ಕೇರಳದ ಕುಮಳಿಯ ಹಣ್ಣಿನ ವ್ಯಾಪಾರಿ ಹೆಂಗಸೊಬ್ಬರು ಅಂದೇ ವ್ಯಾನು, ಕೊಯ್ಯುವ ಆಳು ಸಮೇತ ಬಂದು ಒಬ್ಬರ ತೋಟವನ್ನು ಪೂರ್ತಿ ಕೊಯ್ದುಕೊಂಡು ಹೋಗುವವರಿದ್ದರು. ಪಕ್ಕದ ಚಿನ್ನಮನೂರು ತಲುಪಿ, ನಮ್ಮ ವೆಬ್‌ಸೈಟ್ ನೋಡಿ ಫೋನ್ ಮಾಡುತ್ತಾರೆಂದು ಸುದ್ದಿ ಬಂದಿತ್ತು.

ಆ ವೆಬ್‌ಸೈಟ್ ನನ್ನದು!

ಸರಿಯಾಗಿ ಹೇಳಬೇಕೆಂದರೆ, ಮೊದಲು ಮಾಡಿದವಳು ತೇನಿಯಲ್ಲಿ ಅದೇ ಕೆಲಸ ಮಾಡುವ ನನ್ನ ತಮ್ಮನ ಮಗಳು ಸೆಲ್ವಿ. ಬಿಳಿ ಹಿನ್ನೆಲೆ, ಒಂದು ದ್ರಾಕ್ಷಿ ಗೊಂಚಲು, ಕೆಳಗೆ ಊರಿನ ಹೆಸರು, ಒತ್ತಿದರೆ ಫೋನ್ ಹೋಗುವ ಹಸಿರು ಗುಂಡಿ. ಅಷ್ಟೇ.

"ಇನ್ನೂ ಮುಗಿದಿಲ್ಲವಾ?" ಎಂದು ಕೇಳಿದೆ.

"ಮುಗೀತು ದೊಡ್ಡಪ್ಪಾ. ಬಂದವರು ಮೂರೇ ಕೇಳೋದು. ಏನು ಐತೆ, ಎಲ್ಲಿ ಐತೆ, ಯಾರ್ಗೆ ಫೋನ್ ಹಾಕೋದು. ನೀವು ಏನೂ ಸೇರಿಸ್ಬೇಡಿ."

ನಾನು ಮೂವತ್ತು ವರ್ಷ ಚಿತ್ರಕಲೆ ಮೇಷ್ಟ್ರಾಗಿದ್ದವನು. ನಮ್ಮ ಬಳಗದ ಮದುವೆ, ಕಿವಿಚುಚ್ಚು, ಗೃಹಪ್ರವೇಶಗಳ ಫ್ಲೆಕ್ಸ್‌ಗಳೆಲ್ಲ ನನ್ನ ಕೈಯವೇ. ಅಷ್ಟು ಬಿಳಿ ಜಾಗವನ್ನು ಕಂಡು ನನಗೆ ಸುಣ್ಣ ಹೊಡೆದು ಮರೆತುಬಿಟ್ಟ ಗೋಡೆಯ ನೆನಪಾಯಿತು. ಪಾಸ್‌ವರ್ಡ್ ಎಂಬ ಬೀಗದ ಗುಟ್ಟನ್ನು ಸೆಲ್ವಿ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ನಾನು ಒಳಗೆ ಹೋದೆ.

ಮೊದಲು ಕುಲದೇವತೆಯನ್ನು ಇಟ್ಟೆ. ನಂತರ ಎರಡು ಕುತ್ತುವಿಳಕ್ಕು ದೀಪದ ಕಂಬ, ಉರಿಯುವಂಥವು. ನಂತರ ಕೈಮುಗಿದು ನಿಂತ ನಾನು. ನನ್ನ ಫೋಟೋ ಹಾಕಿ ಅಣ್ಣನದನ್ನು ಬಿಡುವುದುಂಟೇ? ಹಾಕಿದೆ. ಮರುದಿನ ಹೆಂಡತಿಯ ಕಡೆಯವರು ನಾವು ಸತ್ತುಹೋದೆವಾ ಎಂದು ಕೇಳಿ ಕಳಿಸಿದರು. ಅವರನ್ನೂ ಹಾಕಿದೆ. ಫ್ಲೆಕ್ಸಿನಲ್ಲಿ ಬಿಟ್ಟುಹೋದವರು ಮದುವೆಗೆ ಬರುವುದಿಲ್ಲ, ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಮದುವೆಯೇ ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಒಟ್ಟು ಮೂವತ್ತೊಂದು ಮುಖಗಳಾದವು. ತೆರೆದೊಡನೆ ನಾದಸ್ವರ ನುಡಿಯುವಂತೆಯೂ ಮಾಡಿದೆ.

ಆಗ ಬಂದದ್ದು ಕರುಪ್ಪಣ್ಣ ಮಾಮನ ಫೋನು. ಅವರು ನನ್ನ ತಾಯಿಯ ತಮ್ಮ, ನಾನು ಅವರಿಗೆ ಮಾಪ್ಳೆ, ಅಂದರೆ ಅಳಿಯ. ನಮ್ಮ ತೋಟಕ್ಕೆ ಅಂಟಿಕೊಂಡಂತೆಯೇ ಅವರ ತೋಟ.

"ಮಾಪ್ಳೆ, ತಾಯ್ಮಾಮ ನಾಕನೇ ಸಾಲಲ್ಲಿ ನಿಂತ್ಕೊಂಡವ್ನೆ. ನಿನ್ ಕಿವಿ ಚುಚ್ಚೋವಾಗ ನಿನ್ನನ್ನ ಮಡಿಲಲ್ಲಿ ಇಟ್ಕೊಂಡವನು ಯಾರು?"

ಕಿವಿ ಮುಟ್ಟಿ ನೋಡಿಕೊಂಡೆ. ತೂತು ಇತ್ತು. ಮಾಮನನ್ನು ಎಲ್ಲರಿಗಿಂತ ಮೇಲೆ ತಂದು, ತಲೆಯ ಹಿಂದೆ ಪ್ರಭಾವಳಿ ಬರೆದು, ಮರ್ಯಾದೆಗೆಂದು ಹೆಸರಿನ ಕೆಳಗೆ ಅವರ ಸೆಲ್ ನಂಬರನ್ನೂ ಹಾಕಿದೆ. ಜಾಗ ಸಾಲಲಿಲ್ಲ. ಸೆಲ್ವಿಯ ಹಸಿರು ಗುಂಡಿಯನ್ನು ತೆಗೆದು, ನಮ್ಮ ನಂಬರನ್ನು ಮೂವತ್ತೊಂದೂ ಮುಖಗಳ ಕೆಳಗೆ, ಮದುವೆ ಪತ್ರಿಕೆಯಲ್ಲಿ ಪ್ರೆಸ್ಸಿನ ಹೆಸರು ಇರುವಷ್ಟು ಗಾತ್ರದಲ್ಲಿ ಇಟ್ಟೆ.

ಮತ್ತೆ ಆ ಸೋಮವಾರಕ್ಕೆ ಬರುತ್ತೇನೆ. ಹತ್ತೂವರೆ ಆಯಿತು. ಫೋನಿಲ್ಲ. ಕಂಬದಿಂದ ಬೇವಿನ ಮರಕ್ಕೆ ಹನ್ನೊಂದು ಹೆಜ್ಜೆ. ಹೋದೆ, ಬಂದೆ. ಮೋಡವನ್ನು ನೋಡಿದೆ, ಫೋನನ್ನು ನೋಡಿದೆ. ಚಪ್ಪರದ ಕೆಳಗಿನಿಂದ ನಾಗಮ್ಮಾಳ್ ಮೂರು ಸಲ ಕೇಳಿದಳು. ಮೂರು ಸಲವೂ ಬರುತ್ತಾರೆ ಎಂದೆ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ನಾದಸ್ವರ ಕೇಳಿಸಿತು.

ಮುಹೂರ್ತದ ದಿನವಲ್ಲವಲ್ಲ, ಯಾರ ಮದುವೆ ಎಂದುಕೊಂಡೆ. ಬಂದದ್ದು ಬಿಳಿ ವ್ಯಾನು, ಕೇರಳದ ನಂಬರು. ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸಿನ ಕೈಯಲ್ಲಿ ಫೋನು, ಫೋನಿನೊಳಗೆ ನನ್ನ ನಾದಸ್ವರ! ಅದನ್ನು ನಿಲ್ಲಿಸುವುದು ಹೇಗೆಂದು ಗೊತ್ತಾಗದೆ ಅವರು ಪರದೆಯನ್ನೆಲ್ಲ ಒತ್ತುತ್ತಿದ್ದರು. ನಾನು ಕೈ ಎತ್ತಿದೆ. ಅವರೂ ಪಾಪ ಕೈ ಎತ್ತಿದರು. ವ್ಯಾನು ನನ್ನನ್ನು ದಾಟಿ ಪಕ್ಕದ ಗೇಟಿನೊಳಗೆ ತಿರುಗಿತು. ಅಲ್ಲಿ ಇಸ್ತ್ರಿ ಅಂಗಿ ತೊಟ್ಟು ಕರುಪ್ಪಣ್ಣ ಮಾಮ ನಿಂತಿದ್ದರು, ಫೋಟೋದಲ್ಲಿ ಇದ್ದಂತೆಯೇ.

ನಾನು ಓಡಿ ಹೋಗುವಷ್ಟರಲ್ಲಿ ಕೊಯ್ಯುವವರ ಕತ್ತರಿಗಳು ಮಾಮನ ಚಪ್ಪರದ ಕೆಳಗೆ ಸೇರಿಯಾಗಿತ್ತು.

"ಅಮ್ಮ ಫೋನ್ ಹಾಕಿ ಹಣ್ಣು ಐತಾ ಅಂದ್ರು. ಐತೆ ಅಂದೆ," ಎಂದರು ಮಾಮ. "ಈ ವಯಸ್ಸಲ್ಲಿ ಸುಳ್ಳು ಹೇಳೋಕಾಗುತ್ತಾ ಮಾಪ್ಳೆ?"

ಆ ಹೆಂಗಸು ವ್ಯಾನಿನಲ್ಲಿ ಇನ್ನು ಜಾಗವಿಲ್ಲವೆಂದು ತಮಿಳಿನಲ್ಲಿ ಮೆತ್ತಗೆ ಹೇಳಿದರು. ಕೆಳಗಿನ ನಂಬರನ್ನು ಏಕೆ ನೋಡಲಿಲ್ಲವೆಂದು ಕೇಳಿದೆ. ಅಷ್ಟು ದೂರ ಹೋಗಲಿಲ್ಲವಂತೆ. ಒಂಬತ್ತನೆಯ ಚಿಕ್ಕಪ್ಪನ ಹತ್ತಿರ ಸುಸ್ತಾಯಿತಂತೆ.

ಹನ್ನೆರಡೂಮುಕ್ಕಾಲಿಗೆ ಮಳೆ ಬಂತು. ನಾವಿಬ್ಬರೇ ಕೊಯ್ದದ್ದು ಹದಿನಾಲ್ಕು ಕ್ರೇಟು. ಉಳಿದದ್ದು ಕಣ್ಣೆದುರೇ ಸೀಳಿತು. ನಾಗಮ್ಮಾಳ್ ಒಂದು ಗೊಂಚಲು ಹಿಡಿದು ಸೀಳಿದ ಹಣ್ಣುಗಳನ್ನು ಒಂದೊಂದಾಗಿ ಕಿತ್ತು ಎಸೆದಳು. ಆಮೇಲೆ, "ಏನುಂಗ, ಇಷ್ಟು ಜನರ ಫೋಟ ಹಾಕಿದ್ರಿ. ದ್ರಾಕ್ಷೀದು ಎಲ್ಲಿ?" ಎಂದಳು.

ಹುಡುಕಿದೆ. ಮಾಮನ ಪ್ರಭಾವಳಿಗೆ ಜಾಗ ಮಾಡುವಾಗ ಅದನ್ನೂ ತೆಗೆದಿದ್ದೆ.

ಈಗ ಸೆಲ್ವಿ ಎಲ್ಲವನ್ನೂ ಅಳಿಸಿದ್ದಾಳೆ. ಬಿಳಿ ಹಿನ್ನೆಲೆ, ಒಂದು ಗೊಂಚಲು, ಹಸಿರು ಗುಂಡಿ. ಒತ್ತಿದರೆ ಫೋನು ಹೋಗುವುದು ನಾಗಮ್ಮಾಳಿಗೆ. ಬೀಗದ ಗುಟ್ಟನ್ನೂ ಬದಲಾಯಿಸಿದ್ದಾಳೆ, ನನಗೆ ಹೇಳಿಲ್ಲ.

ನಾನು ಹೇಳಿದ್ದರಲ್ಲಿ ಅನುಮಾನವಿದ್ದವರು ವಿಚಾರಿಸಬಹುದು. ಅಂದು ಅದನ್ನು ಕಣ್ಣಾರೆ ಕಂಡು ಇಂದಿಗೂ ಬದುಕಿರುವವರು ಮೂವರು: ಕುಮಳಿಯ ಆ ಹೆಂಗಸು, ನನ್ನ ಹೆಂಡತಿ ನಾಗಮ್ಮಾಳ್, ಮತ್ತು ಎಂಬತ್ತು ದಾಟಿಯೂ ಕಲ್ಲಿನಂತಿರುವ ಕರುಪ್ಪಣ್ಣ ಮಾಮ. ಮೊದಲಿಬ್ಬರು ನನ್ನನ್ನು ಕಂಡರೆ ನಗುತ್ತಾರೆ. ನಮ್ಮ ವೆಬ್‌ಸೈಟ್ ಬಹಳ ಚೆನ್ನಾಗಿತ್ತು ಎನ್ನುವವರು ಮಾಮ ಒಬ್ಬರೇ.