ಎದ್ದು ಹೋದವರೆಲ್ಲ ಬಂಗಾರ

ಚಹಾದ ಕಪ್ಪು ಇನ್ನೂ ತುಟಿಗೆ ಎರಡು ಬೆರಳು ದೂರವಿರುವಾಗಲೇ ಅವಳು "ಸಕ್ರಿ ಕಡಿಮಿ ಆಗೇತಿ" ಎನ್ನುತ್ತಿದ್ದಳು. ಕುಡಿದ ಮೇಲಲ್ಲ, ಕುಡಿಯುವ ಮೊದಲು! ಆಮೇಲೆ ಪೂರ್ತಿ ಕುಡಿದು, ಬಸಿಗೆ ಚೆಲ್ಲಿದ್ದನ್ನೂ ಕುಡಿದು, ಖಾಲಿ ಕಪ್ಪು ಅಡುಗೆಮನೆಗೆ ಹೋದ ಮೇಲೆ, "ನಿನ್ನಿ ಚಹಾ ಭಾಳ ಛಲೋ ಆಗಿತ್ತು ನೋಡು" ಎನ್ನುತ್ತಿದ್ದಳು. ನಿನ್ನೆಯೂ ಸಕ್ಕರೆ ಕಡಿಮೆಯೇ ಆಗಿತ್ತಲ್ಲ ಎಂದು ನೆನಪಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಇವಳು ನನ್ನ ದೊಡ್ಡವ್ವ, ಅವ್ವನ ಅಕ್ಕ. ಧಾರವಾಡದ ಒಂದು ಹಳೆಯ ಕನ್ನಡ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ಗಣಿತ ಕಲಿಸಿದವಳು. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಬೇಕಾದರೆ ನೀವು ಮಾಡಬೇಕಾದದ್ದು ಇಷ್ಟೇ: ಅವಳ ಕಣ್ಣೆದುರಿನಿಂದ ಎದ್ದು ಹೋಗಬೇಕು!

ಮಾತು ಅತಿಯಾಯಿತು ಅಂದುಕೊಳ್ಳಬೇಡಿ. ಊರಂಚಿನ ಕೆಲಗೇರಿಯಲ್ಲಿದ್ದ ಅವಳ ಮನೆಯ ಮುಂದೆ ಕಾಯಿಪಲ್ಲೆಯ ಗಾಡಿ ನಿಲ್ಲುತ್ತಿತ್ತು. ದೊಡ್ಡವ್ವ ಮೆಂತೆಯ ಕಟ್ಟನ್ನು ಎತ್ತಿ, ತಿರುಗಿಸಿ, ಯಾರದೋ ಕಾಯಿಲೆಯ ವರದಿ ಓದುವವರಂತೆ ಮುಖ ಮಾಡುತ್ತಿದ್ದಳು.

"ಏನವಾ ಇದು? ನಾಕ ದಿನದ್ದೇನು?"

"ಮುಂಜಾನಿ ಕಿತ್ತಿದ್ದರಿ ಅಕ್ಕಾರ!"

"ಯಾವ ಮುಂಜಾನಿ?"

ಗಾಡಿಯವಳು ಗೊಣಗುತ್ತ ಓಣಿ ತಿರುಗಿದಳೋ ಇಲ್ಲವೋ, ದೊಡ್ಡವ್ವ ನನ್ನ ಕಡೆ ತಿರುಗಿ, "ಪಾಪ, ಪ್ರಾಮಾಣಿಕ ಹೆಣಮಗಳು. ಇಕಿ ಪಲ್ಲೆಯಷ್ಟು ತಾಜಾ ಇಡೀ ಧಾರವಾಡದಾಗ ಸಿಗಂಗಿಲ್ಲ" ಎನ್ನುತ್ತಿದ್ದಳು. ಇದನ್ನು ಗಾಡಿಯವಳ ಎದುರಿಗೆ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು? ಮೇಲಿನ ಮನೆಗೆ ಬಾಡಿಗೆಗೆ ಬಂದವರ ಕತೆಯೂ ಇದೇ. ಇದ್ದಷ್ಟು ದಿನ ಅವರ ಹೆಜ್ಜೆಯ ಸಪ್ಪಳಕ್ಕೆ ಇವಳ ತಲೆನೋವು. ಬಿಟ್ಟು ಹೋದ ಮರುದಿನದಿಂದ, "ಎಂಥಾ ಸದ್ದಿಲ್ಲದ ಮಂದಿ!"

ಈ ಸ್ವಭಾವವನ್ನು ಮನೆಗೆ ಮಾತ್ರ ಇಟ್ಟುಕೊಂಡಿದ್ದರೆ ನಾನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಅವಳು ಅದನ್ನು ದಿನವೂ ಶಾಲೆಗೆ ಕರೆದೊಯ್ಯುತ್ತಿದ್ದಳು. ಜೂನ್ ತಿಂಗಳಲ್ಲಿ ಹೊಸ ಹತ್ತನೆಯ ತರಗತಿಗೆ ಕಾಲಿಟ್ಟು, ಬೆಂಚುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಕುರ್ಚಿಯ ಮೇಲೆ ಕುಸಿದು ಕೂರುತ್ತಿದ್ದಳು. "ನನ್ನ ಇಷ್ಟು ವರ್ಷದ ನೌಕರಿಯಾಗ ಇಂಥಾ ಕೆಟ್ಟ ಬ್ಯಾಚು ನೋಡಿದ್ದಿಲ್ಲ. ಹ್ವಾದ ವರ್ಷದವು ಎಂಥಾ ಹುಡುಗೂರು! ಬಂಗಾರ!" ಹೋದ ವರ್ಷದವರಿಗೂ ಇದೇ ಮಾತು ಹೇಳಿದ್ದಳು. ಅದರ ಹಿಂದಿನ ವರ್ಷದವರಿಗೂ.

ನಾನೂ ಒಂದು ವರ್ಷ ಆ ಬೆಂಚಿನ ಮೇಲೆ ಕೂತವಳು. ಮನೆಯಲ್ಲಿ ದೊಡ್ಡವ್ವ, ಶಾಲೆಯಲ್ಲಿ ಎಲ್ಲರಂತೆ ನನಗೂ "ಅಕ್ಕೋರು". ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತಕ್ಕೆ ಪೂರ್ತಿ ಅಂಕ ಬಂತು. ಉತ್ತರಪತ್ರಿಕೆ ಕೊಡುವಾಗ ಅವಳು ಹೇಳಿದ್ದು: "ಪೇಪರ್ ಸರಳ ಇತ್ತು. ಇಕಿಗೆ ಪೂರ್ತಿ ಮಾರ್ಕ್ಸ್ ಬಿದ್ದಾವಂದ್ರ ಎಲ್ಲಾರಿಗೂ ಬೀಳಬೇಕಿತ್ತು!" ಆ ಸಂಜೆ ನಾನು ಊಟ ಮಾಡಲಿಲ್ಲ. ಯಾರಿಗೂ ಕಾರಣ ಹೇಳಲಿಲ್ಲ. ನಮ್ಮ ತರಗತಿಯ ಮಾರುತಿಯ ಪಾಡಂತೂ ಇನ್ನೂ ಕಷ್ಟದ್ದು. ಅವನು ಗಣಿತದ ಪಿರಿಯಡ್ಡಿನಲ್ಲಿ ಒಳಗಿದ್ದುದಕ್ಕಿಂತ ಹೊರಗೆ ಬೇವಿನ ಗಿಡದ ಕೆಳಗೆ ನಿಂತದ್ದೇ ಹೆಚ್ಚು.

ಮುಂದಿನ ವರ್ಷ ನಾನು ಕಾಲೇಜಿಗೆ ಹೋದೆ. ಹಿಂದಿನ ಓಣಿಯ ಹುಡುಗಿಯೊಬ್ಬಳು ಆ ವರ್ಷ ಹತ್ತನೆಯ ತರಗತಿಗೆ ಬಂದಿದ್ದಳು. ಒಂದು ದಿನ ನನ್ನನ್ನು ದಾರಿಯಲ್ಲಿ ತಡೆದು ನಿಲ್ಲಿಸಿದಳು.

"ಅಕ್ಕಾ, ನಿಮ್ಮ ಬ್ಯಾಚಿನವ್ರು ಏನ್ ದೇವರೇನ? ದಿನಾ ನಿಮ್ಮ ಹೆಸರು ಹೇಳಿ ಅಕ್ಕೋರು ನಮ್ಮ ಜೀವಾ ತಿನ್ನಾಕತ್ತಾರ!"

"ನನ್ನ ಹೆಸರಾ?"

"ಹೌದು. ನಿಮ್ಮಂಗ ಒಂದೂ ಕಾಟ್ ಹೊಡೀದಂಗ ಲೆಕ್ಕಾ ಬಿಡಿಸಾಕಿ ಮತ್ತ ಹುಟ್ಟಂಗಿಲ್ಲಂತ. ಮತ್ತ ಆ ಮಾರುತಿ ಅಂದ್ರ ಯಾರು?"

"ಯಾಕ?"

"ಗಿಡದ ಬುಡಕ ಒಬ್ಬನ ನಿಂತು ಗಣಿತದ ಚಿಂತಿ ಮಾಡ್ತಿದ್ನಂತ!"

ನಾನು ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅರ್ಧವಾರ್ಷಿಕದ ಆ ಉತ್ತರಪತ್ರಿಕೆಯನ್ನು ಹುಡುಕಿ ತೆಗೆದೆ. ಶಾಲೆಯಲ್ಲಿ ಈ ವ್ಯವಸ್ಥೆ ಎಲ್ಲರಿಗೂ ಗೊತ್ತಿತ್ತಂತೆ. ಬೈಗುಳ ನಿಮಗೆ ಈ ವರ್ಷ, ಎದುರಿಗೆ. ಹೊಗಳಿಕೆ ಮುಂದಿನ ವರ್ಷ, ನಿಮ್ಮ ನಂತರದವರ ಕಿವಿಗೆ. ಅವರು ಸಿಟ್ಟಿನಿಂದ ಅದನ್ನು ನಿಮಗೆ ತಂದು ಮುಟ್ಟಿಸುತ್ತಾರೆ. ಹೀಗೆ ಎಷ್ಟೋ ಮಕ್ಕಳು ಒಂದಿಡೀ ವರ್ಷ ಬೈಸಿಕೊಂಡು ತಮ್ಮ ಸರದಿಗೆ ಕಾದರು.

ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಅದೇ ಶಾಲೆಗೆ ತಾತ್ಕಾಲಿಕ ಶಿಕ್ಷಕಿಯಾಗಿ ಸೇರಿದೆ. ಒಂಬತ್ತನೆಯ ತರಗತಿಗೆ ಗಣಿತ. ದೊಡ್ಡವ್ವನಿಗೆ ಅದು ನೌಕರಿಯ ಕೊನೆಯ ವರ್ಷ. ಸ್ಟಾಫ್ ರೂಮಿನಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತ ನನಗೆ ಮೊದಲ ವಾರವೇ ತಿಳಿಯಿತು, ಅಪಸ್ವರದಲ್ಲಿ ದೊಡ್ಡವ್ವ ಒಂಟಿಯಲ್ಲ.

"ಈ ಹುಡುಗೂರಿಗೆ ಹಿಂದಿನ ಕ್ಲಾಸಿನಾಗ ಏನೂ ಕಲಿಸಿಲ್ರಿ" ಎಂದು ವಿಜ್ಞಾನದ ಸರ್. "ಓಡ್ರಿ ಅಂದ್ರ ಮೊಬೈಲ್ ಹಿಡ್ಕೊಂಡು ಓಡ್ತಾವ್ರಿ" ಎಂದು ಆಟದ ಸರ್. ಅದೇ ಹೊತ್ತಿಗೆ ಹೊರಗೆ ನೀರಿನ ನಳದ ಹತ್ತಿರ ಹುಡುಗರು: "ಈ ಸಾಲ್ಯಾಗ ಏನೈತಲೇ? ಮಾಸ್ತರ್ರಿಗೇ ಬ್ಯಾಸರ ಆಗೇತಿ!" ಈ ಶಾಲೆಯಿಂದ ಏನೂ ಆಗುವುದಿಲ್ಲ ಎಂಬ ಒಂದು ವಿಷಯದಲ್ಲಿ ಒಳಗಿನವರಿಗೂ ಹೊರಗಿನವರಿಗೂ ಪೂರ್ಣ ಸಹಮತ! ಆದರೆ ಒಂದು ವ್ಯತ್ಯಾಸವನ್ನು ನಾನು ನಿಧಾನವಾಗಿ ಗಮನಿಸಿದೆ. ಮಕ್ಕಳು ಶಾಲೆ ಬಿಟ್ಟ ಮೇಲೂ ಉಳಿದ ಶಿಕ್ಷಕರ ದೂರು ಹಾಗೆಯೇ ಇರುತ್ತಿತ್ತು. ಬಂಗಾರವಾಗುತ್ತಿದ್ದವರು ದೊಡ್ಡವ್ವನ ಮಕ್ಕಳು ಮಾತ್ರ.

ದೊಡ್ಡವ್ವನ ನಂತರ ಹತ್ತನೆಯ ತರಗತಿಯ ಗಣಿತವನ್ನು ಯಾರು ತೆಗೆದುಕೊಳ್ಳುತ್ತೀರಿ ಎಂದು ಮುಖ್ಯೋಪಾಧ್ಯಾಯರು ಒಂದು ಸಭೆಯಲ್ಲಿ ಕೇಳಿದರು. ಎಲ್ಲರೂ ತಲೆಯೆತ್ತಿ ಫ್ಯಾನು ನೋಡಿದರು. ಫಲಿತಾಂಶ ಬಿದ್ದರೆ ಬೈಸಿಕೊಳ್ಳುವವರು ಯಾರು? "ಈಗಿನ ಒಂಬತ್ತನೇದವು ಭಾಳ ಕೆಟ್ಟ ಬ್ಯಾಚ್ ರಿ" ಎಂದರು ವಿಜ್ಞಾನದ ಸರ್. ನಾನೂ ಫ್ಯಾನಿನ ಕಡೆಗೇ ನೋಡಿದೆ.

ಈ ರೋಗಕ್ಕೆ ಔಷಧವೆಂದು ಆಡಳಿತ ಮಂಡಳಿಯವರು ಒಂದು ಶನಿವಾರ ಸಕಾರಾತ್ಮಕ ಮನೋಭಾವದ ತರಬೇತಿ ಏರ್ಪಡಿಸಿದರು. ಹುಬ್ಬಳ್ಳಿಯ ವಿದ್ಯಾನಗರದಿಂದ ಕೋಟು ತೊಟ್ಟ ಒಬ್ಬ ತರುಣ ಬಂದ. ಕಣ್ಣು ಮುಚ್ಚಿಸಿದ, ಕಣ್ಣು ತೆರೆಸಿದ, ಚಪ್ಪಾಳೆ ಹೊಡೆಸಿದ. ಕೊನೆಗೆ, "ನಿಮ್ಮ ಪಕ್ಕದಲ್ಲಿ ಕೂತವರ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಹೇಳಿ" ಎಂದ. ದೊಡ್ಡವ್ವನ ಪಕ್ಕದಲ್ಲಿ ಕೂತಿದ್ದವರು ಹೊಸದಾಗಿ ಬಂದ ಚಿತ್ರಕಲೆಯ ಸರ್. ಪಾಪ, ಅವರು ಆಸೆಯಿಂದ ಅವಳ ಮುಖ ನೋಡಿದರು. ದೊಡ್ಡವ್ವ ಎದ್ದು ನಿಂತಳು. ಕೆಮ್ಮಿದಳು. ಸೆರಗು ಸರಿಮಾಡಿಕೊಂಡಳು. ಇಡೀ ಸಭಾಂಗಣ ಕಾದಿತ್ತು.

"ಇವ್ರು... ಹ್ವಾದ ವರ್ಷ ಇವ್ರ ಜಾಗಾದಾಗ ಕುಂದ್ರತಿದ್ದ ಸರ್ ಭಾಳ ದೊಡ್ಡ ಮನುಷ್ಯಾ!"

ತರಬೇತಿಯವನು ಬೆವರು ಒರೆಸಿಕೊಂಡ. ಅವನ ಕಾರು ಗೇಟು ದಾಟುತ್ತಿದ್ದಂತೆ ದೊಡ್ಡವ್ವ ಹೇಳಿದಳು: "ಎಷ್ಟು ಛಂದ ಮಾತಾಡಿದಾ ನೋಡು ಹುಡುಗಾ!"

ಆ ದಿನ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುವಾಗ ಕೇಳಿಯೇಬಿಟ್ಟೆ. "ದೊಡ್ಡವ್ವಾ, ಎದುರಿಗಿದ್ದವ್ರಿಗೆ ಒಂದು ಛಲೋ ಮಾತು ಹೇಳಿದ್ರ ಏನಾಕ್ಕೈತಿ?"

"ದೃಷ್ಟಿ ಆಕ್ಕೈತಿ."

"ಎಂ.ಎಸ್ಸಿ. ಓದಿದವ್ರ ಮುಂದ ದೃಷ್ಟಿ ಅಂತೀಯಲ್ಲ!"

"ನಿನ್ನ ಎಂ.ಎಸ್ಸಿ.ಗೂ ಆಕ್ಕೈತಿ, ಮುಂದ ನೋಡಿ ಗಾಡಿ ಹೊಡಿ" ಎಂದಳು. ಸ್ವಲ್ಪ ದೂರ ಬಂದ ಮೇಲೆ, ಕೇಳದಿದ್ದರೂ ಮುಂದುವರಿಸಿದಳು. "ನಮ್ಮವ್ವ ನಮ್ಮನ್ನ ಒಂದಿನಾ ಹೊಗಳಲಿಲ್ಲ. ಕೂಸು ಛಂದ ಐತಿ ಅಂತ ಯಾರರೆ ಅಂದ್ರ ಉಪ್ಪು ಮೆಣಸಿನಕಾಯಿ ನಿವಾಳಿಸ್ತಿದ್ಲು. ಕ್ಲಾಸಿನಾಗ ಇಷ್ಟ ಹುಡುಗೂರು. ದಿನಾ ಎಷ್ಟಂತ ನಿವಾಳಸ್ಲಿ ನಾ?"  ಅವಳು ತಮಾಷೆ ಮಾಡುತ್ತಿರಲಿಲ್ಲ.

ಫೆಬ್ರುವರಿ ಬಂತು. ಹತ್ತನೆಯವರಿಗೆ ಓದಿನ ರಜೆ ಶುರುವಾಗುವುದಕ್ಕೂ ದೊಡ್ಡವ್ವ ನಿವೃತ್ತಳಾಗುವುದಕ್ಕೂ ಒಂದೇ ದಿನ ಕೂಡಿಬಂದಿತ್ತು. ಹಿಂದಿನ ದಿನ ನಳದ ಹತ್ತಿರ ಹತ್ತನೆಯ ಹುಡುಗಿಯರ ಮಾತು ಕಿವಿಗೆ ಬಿತ್ತು.

"ಮುಂದಿನ ವರ್ಷ ಅಕ್ಕೋರೇ ಇರಂಗಿಲ್ಲಲ್ಲ, ನಮ್ಮನ್ನ ಯಾರ ಮುಂದ ಹೊಗಳ್ತಾರ?"

"ಬಿಡಲೇ, ಬೈಸ್ಕೊಂಡಷ್ಟು ಬಂತು."

"ನಂಗ ಹಂಗ ಅನಸಂಗಿಲ್ಲ. ನನ್ನ ಬಗ್ಗೆ ಅವ್ರು ಏನಂತಾರಂತ ನಂಗ ಕೇಳಬೇಕಾಗೇತಿ."

ಕೊನೆಯ ಮಾತು ಶಿವಲೀಲಾಳದ್ದು. ನಗುತ್ತ ಹೇಳಿದ ಮಾತಲ್ಲ ಅದು. ನಮ್ಮ ಶಾಲೆಯಲ್ಲಿ ಮೊದಲ ಸಲ ಒಂದು ತರಗತಿ, ತನ್ನ ಸರದಿ ಬರುವ ಮುಂಚೆಯೇ ಸಾಲು ಮುಗಿದುಹೋದಂತೆ ನಿಂತಿತ್ತು.

ಮರುದಿನ ಕೊನೆಯ ಪಿರಿಯಡ್ಡಿನಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಅದು ಮತ್ತು ಹತ್ತನೆಯ ತರಗತಿ ಒಂದೇ ಹಳೆಯ ದೊಡ್ಡ ಕೋಣೆಯ ಎರಡು ಭಾಗ. ನಡುವೆ ಗೋಡೆಯಿಲ್ಲ, ಕಟ್ಟಿಗೆಯ ಹಲಗೆಗಳಷ್ಟೇ. ಆ ಕಡೆ ಸೀನಿದರೆ ಈ ಕಡೆ ಕೇಳುತ್ತದೆ. ಶಿವಲೀಲಾಳ ದನಿ ಕೇಳಿತು.

"ಅಕ್ಕೋರ, ಇವತ್ತೊಂದಿನಾ ನಮ್ಮ ಬಗ್ಗೆ ಒಂದು ಛಲೋ ಮಾತು ಹೇಳ್ರಿ."

 ನನ್ನ ತರಗತಿಯ ಮಕ್ಕಳೂ ಪೆನ್ನು ಕೆಳಗಿಟ್ಟರು. ಕುರ್ಚಿ ಸರಿದ ಸಪ್ಪಳವಾಯಿತು, ಚಪ್ಪಲಿಯ ಸಪ್ಪಳ ಹೊರಗೆ ನಡೆಯಿತು. ಹೊರಟೇ ಹೋದಳೇ?  ಅಷ್ಟರಲ್ಲಿ ನನ್ನ ತರಗತಿಯ ಬಾಗಿಲಲ್ಲಿ ದೊಡ್ಡವ್ವ! "ಸ್ವಲ್ಪ ಸರೀರಿ ಟೀಚರ್" ಎಂದು ನನ್ನನ್ನು ಬದಿಗೆ ಸರಿಸಿ, ಒಂಬತ್ತನೆಯವರ ಎದುರು ನಿಂತಳು. ಗಟ್ಟಿ ದನಿಯಲ್ಲಿ ಶುರುಮಾಡಿದಳು.

"ನಿಮಗೇನ್ ಗೊತ್ತೈತಿ? ನಿಮಗಿಂತ ಮೊದಲ ಒಂದು ಬ್ಯಾಚು ಇತ್ತು. ಬಂಗಾರದಂಥಾ ಹುಡುಗೂರು! ಶಿವಲೀಲಾ ಅಂತ ಒಬ್ಬಾಕಿದ್ಲು. ಮುಂಜಾನಿ ನಾಕ ಮನಿಗೆ ಹಾಲು ಹಾಕಿ ಸಾಲಿಗೆ ಬರಾಕಿ. ತಡಾ ಆತಂತ ನಾ ಬೈದ್ರ ಒಂದಿನಾ ಕಾರಣ ಹೇಳ್ಲಿಲ್ಲ. ರಫೀಕ ಅಂತ ಒಬ್ಬಾವಿದ್ದ. ಲೆಕ್ಕಾ ತಪ್ಪತಿದ್ದಾ, ಖರೇ. ಆದ್ರ ತಪ್ಪಿದ್ದು ಮತ್ತ ಮಾಡಾಕ ಅವ್ನಂಗ ಬ್ಯಾಸರಿಲ್ದ ಕುಂದ್ರಾವ್ನ ನಾ ನೋಡಿಲ್ಲ. ಹಿಂದಿನ ಬೆಂಚಿನ್ಯಾಗ ಸಿದ್ದಪ್ಪ ಕುಂದ್ರತಿದ್ದ. ಅವಗ ಅನ್ನಸ್ತಿತ್ತು, ಅಕ್ಕೋರಿಗೆ ನನ್ನ ಹೆಸರೇ ಗೊತ್ತಿಲ್ಲಂತ..."

ಒಬ್ಬರನ್ನೂ ಬಿಡಲಿಲ್ಲ.  ಕೊನೆಗೆ ಹಲಗೆಯ ಆಚೆ ಯಾರೋ ಜೋರಾಗಿ ಮೂಗು ಎಳೆದುಕೊಂಡರು.

"ಯಾರದು?" ಎಂದು ದೊಡ್ಡವ್ವ ಹಲಗೆಯ ಕಡೆಗೆ ಗದರಿಸಿದಳು. "ಈ ವರ್ಷದ ಹುಡುಗೂರಿಗೆ ಶಿಸ್ತ ಅನ್ನೋದ ಇಲ್ಲ!"

ಆಚೆ ಕಡೆ ನಗುವಿನ ಒಂದು ದೊಡ್ಡ ಅಲೆ ಎದ್ದಿತು. ದೊಡ್ಡವ್ವ ನಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಬಾಗಿಲ ಕಡೆ ಹೊರಟವಳನ್ನು ನನ್ನ ತರಗತಿಯ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಅಕ್ಕೋರ, ಮುಂದಿನ ವರ್ಷ ನಮಗ ಯಾರ್ರಿ?"

ದೊಡ್ಡವ್ವ ಅವಳನ್ನು ನೋಡಿದಳು. ನನ್ನ ಕಡೆ ನೋಡಲಿಲ್ಲ. ಹೊರಗೆ ನಡೆದಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆಗಿಂತ ಮೊದಲೇ ನಾನು ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಮುಂದಿನ ವರ್ಷ ಹತ್ತನೆಯ ತರಗತಿಯ ಗಣಿತ ನನಗೆ ಕೊಡಿ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ನನ್ನ ಮುಖವನ್ನೇ ನೋಡಿದರು.

"ವಿಚಾರ ಮಾಡೀರೇನ್ರಿ? ಕೆಟ್ಟ ಬ್ಯಾಚ್ ಅಂತಾರ."

"ಹೌದ್ರಿ ಸರ್, ಭಾಳ ಕೆಟ್ಟ ಅದಾವು" ಎಂದೆ. "ನನಗ ಕೊಡ್ರಿ."